ದೇವೀರಮ್ಮನ ಮನೆಯ ಕೆಮ್ಮು

ಬಿಳಿಕೆರೆ ದಾಟಿ ಬಸ್ಸು ಹುಣಸೂರಿನ ಕಡೆ ಹೊರಟಾಗ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ಮಳೆ ಹಿಡಿದು ಬಿಟ್ಟ ಮಧ್ಯಾಹ್ನ. ಆ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳುವುದು? ಬೆಲ್ಲದ ಪಾಕ ಇನ್ನೇನು ಸೀಯಬೇಕು ಎನ್ನುವ ಗಳಿಗೆ, ಬಿಸಿಲಿಗೆ ಕಾದ ಹುಲ್ಲಿನ ಮೆದೆಯೊಳಗೆ ಮುಖ ಹುದುಗಿಸಿದಾಗಿನ ಬಿಸುಪು, ಎರಡರ ಅಡಿಯಲ್ಲೂ ಎಲ್ಲೋ ಒಂದು ಕಹಿ. ಈ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಬಾಲ್ಯದ ಅಂಗಳದಲ್ಲಿ ಇಳಿಸಿತು ಎಂದು ಬರೆಯುವುದು ಸುಲಭ. ಹಾಗೇನೂ ಆಗಲಿಲ್ಲ. ಮೊದಲು ಬಂದದ್ದು ತಲೆನೋವು. ಹಸಿ ಸೊಪ್ಪು ಕಟ್ಟಿದ ದಿನಗಳಲ್ಲಿ ಕಣ್ಣಿನ ಹಿಂದೆ ಬಂದು ಕೂರುತ್ತಿದ್ದ ಅದೇ ತಲೆನೋವು, ಇಷ್ಟು ವರ್ಷದ ಮೇಲೆ, ಅದೇ ಜಾಗದಲ್ಲಿ. ಮೈ ನೆನಪಿಟ್ಟುಕೊಂಡದ್ದನ್ನು ನಾನು ನಂಬುತ್ತೇನೆ. ಮನಸ್ಸು ನೆನಪಿಟ್ಟುಕೊಂಡದ್ದನ್ನು ಅಷ್ಟಾಗಿ ನಂಬುವುದಿಲ್ಲ. ಅದು ಹೇಳುವ ಪ್ರತಿ ಸಲವೂ ಕಥೆಗೆ ಸ್ವಲ್ಪ ಎಣ್ಣೆ ಸವರಿಕೊಳ್ಳುತ್ತದೆ. ತಲೆನೋವಿನ ಹಿಂದೆ ಒಂದು ಕೆಮ್ಮು ಬಂತು. ಗಂಡಸಿನ ಕೆಮ್ಮು. ಒಣಗಿದ್ದು, ಸಿಟ್ಟಿನದು, ಬಾಗಿಲ ಹಿಂದಿನಿಂದ ಬರುವಂಥದ್ದು. ಬಸ್ಸಿನಲ್ಲಿ ಯಾರೂ ಕೆಮ್ಮಿರಲಿಲ್ಲ.

ಬಾಲ್ಯದಲ್ಲಿ ಓಡಿ ದಾಟಿದ ಮನೆಯೊಂದು ನಿಮಗೂ ಇದ್ದೀತು. ನಮಗೆ ಅದು ದೇವೀರಮ್ಮನ ಮನೆ. ಹುಣಸೂರಿನಿಂದ ಗುರುಪುರದ ಕಡೆ ಹೋಗುವ ದಾರಿಯಲ್ಲಿ, ಮೆರೂನ್ ಬಣ್ಣದ ಬಟ್ಟೆಯ ಟಿಬೆಟನ್ ಸನ್ಯಾಸಿಗಳು ಬಸ್ಸಿನಿಂದ ಇಳಿಯುವುದಕ್ಕಿಂತ ಎರಡು ನಿಲ್ದಾಣ ಮುಂಚೆ, ನಮ್ಮ ಊರು. ಅಲ್ಲಿ ನಮ್ಮ ಮನೆಯಲ್ಲಿ ಅಜ್ಜಿ ಕಾಳಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಸುಧಾ, ಮತ್ತು ಅಮ್ಮ ತೀರಿಕೊಂಡ ಮೇಲೆ ಅಲ್ಲೇ ಬೆಳೆದ ನಾನು. ಮನೆಗಿಂತ ಎತ್ತರವಾಗಿ ಪಕ್ಕದಲ್ಲಿ ನಿಂತಿದ್ದದ್ದು ಬ್ಯಾರನ್, ಸೊಪ್ಪು ಬೇಯಿಸುವ ಕೋಣೆ. ಮಣ್ಣಿನ ಗೋಡೆ, ಒಂದೇ ಬಾಗಿಲು, ಬಾಗಿಲಲ್ಲಿ ಅಂಗೈಯಗಲದ ಗಾಜು, ಒಳಗೆ ಸೂರಿನವರೆಗೆ ಅಡ್ಡಗಳುಗಳ ಸಾಲು, ನೆಲದ ಮೇಲೆ ಒಲೆಯ ಬಿಸಿ ಹರಿಸುವ ಕಬ್ಬಿಣದ ದಪ್ಪ ಕೊಳವೆ. ಸೊಪ್ಪಿನ ಕಾಲದಲ್ಲಿ ನಮ್ಮ ಊಟ, ನಿದ್ದೆ, ಜಗಳ ಎಲ್ಲವೂ ಬ್ಯಾರನ್ನಿನ ಹೊತ್ತಿಗೆ ಹೊಂದಿಕೊಂಡು ನಡೆಯುತ್ತಿದ್ದವು. ಅಜ್ಜಿಯ ಸೆರಗು, ದೊಡ್ಡಮ್ಮನ ಜಡೆ, ನಮ್ಮ ಹಾಸಿಗೆ, ಸಾರಿನ ಒಗ್ಗರಣೆ, ಎಲ್ಲಕ್ಕೂ ಅದೇ ವಾಸನೆ. ಸೊಪ್ಪು ಕಟ್ಟಿ ಕಟ್ಟಿ ಕಪ್ಪು ಅಂಟು ಮೆತ್ತಿದ ಕೈಯಲ್ಲಿ ಉಂಡರೆ ಅನ್ನ ಕಹಿ ಆಗುತ್ತಿತ್ತು. ಅದು ಕಷ್ಟ ಎಂದು ಯಾರೂ ನಮಗೆ ಹೇಳಿರಲಿಲ್ಲ, ಹಾಗಾಗಿ ಅನ್ನ ಇರುವುದೇ ಹಾಗೆ ಎಂದುಕೊಂಡಿದ್ದೆವು.

ದೇವೀರಮ್ಮನ ಮನೆ ಊರಾಚೆ, ಕೆರೆ ಏರಿಗೆ ಹೋಗುವ ದಾರಿಯಲ್ಲಿತ್ತು. ಹೆಂಚಿನ ಮನೆ, ಪಕ್ಕದಲ್ಲಿ ಒಂದು ಹಳೆಯ ಬ್ಯಾರನ್, ಸುತ್ತ ಕತ್ತಾಳೆಯ ಬೇಲಿ. ಗಂಡ ಮರೀಗೌಡ ಸತ್ತ ಮೇಲೆ ಅವಳು ಸೊಪ್ಪು ಬೆಳೆಯುವುದನ್ನು ಬಿಟ್ಟಿದ್ದಳು. ಹೊಲಕ್ಕೆ ರಾಗಿ ಹಾಕಿಸಿ, ಯಾರೊಡನೆಯೂ ಮಾತಿಲ್ಲದೆ ಒಳಗೇ ಇರುತ್ತಿದ್ದಳು. ಅವಳೊಡನೆ ಮರೀಗೌಡನೂ ಇದ್ದಾನೆ ಎಂದು ಊರು ನಂಬಿತ್ತು. ಸೊಪ್ಪೇ ಇಲ್ಲದ ಬೇಸಿಗೆಯಲ್ಲಿ ಅವರ ಬ್ಯಾರನ್ನಿನ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಬಾಗಿಲ ಪಕ್ಕದಲ್ಲಿ ಗಂಡಸಿನ ಮೆಟ್ಟು, ಈಗಷ್ಟೇ ಗದ್ದೆಯಿಂದ ಬಂದಂತೆ ಒದ್ದೆಯಾಗಿ, ಕೆಸರಾಗಿ ಇರುತ್ತಿತ್ತು. ಮತ್ತು ಆ ಕೆಮ್ಮು. ಹೊಗೆಯಲ್ಲಿ ಜೀವಮಾನ ಕಳೆದ ಮರೀಗೌಡನದೇ ಕೆಮ್ಮು ಎಂದು ಅವನನ್ನು ಕಂಡವರೆಲ್ಲ ಆಣೆ ಮಾಡುತ್ತಿದ್ದರು. ಬ್ಯಾರನ್ನಿಗೆ ಬೆಂಕಿ ನೋಡಲು ಒಳಗೆ ಹೋದವನು ಹೊರಗೆ ಬರಲೇ ಇಲ್ಲ, ಬಾಗಿಲು ತೆಗೆದರೆ ಚಿನ್ನದಂಥ ಸೊಪ್ಪು ಮಾತ್ರ ಇತ್ತು, ಮೇಲಿನ ಸಾಲಿನಲ್ಲಿ ಅವನ ಟವಲು ನೇತಾಡುತ್ತಿತ್ತು ಎಂಬುದು ಕಥೆ. ಮರೀಗೌಡ ಹುಣಸೂರಿನ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ಅರ್ಧ ಊರೇ ಹೋಗಿ ಮಣ್ಣು ಮಾಡಿ ಬಂದಿತ್ತು. ನಮ್ಮ ತಾತನೇ ಹೆಗಲು ಕೊಟ್ಟಿದ್ದನಂತೆ. ಹೆಗಲು ಕೊಟ್ಟ ಅದೇ ತಾತ, ಅವನು ಬ್ಯಾರನ್ನಿನಿಂದ ಹೊರಗೆ ಬರಲೇ ಇಲ್ಲ ಎಂದೂ ಹೇಳುತ್ತಿದ್ದನಂತೆ. ಎರಡೂ ಒಟ್ಟಿಗೆ ನಿಜವಾಗಿರಲು ಆ ಊರಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ಈ ದೆವ್ವದಿಂದ ಆಗಿದ್ದ ಒಂದು ಕೆಲಸವನ್ನು ಇಲ್ಲೇ ಹೇಳಿಬಿಡಬೇಕು. ಆಗ ನನಗೆ ಇದು ತಿಳಿದಿರಲಿಲ್ಲ, ಆದರೆ ಊರಿನ ದೊಡ್ಡವರಿಗೆಲ್ಲ ತಿಳಿದಿತ್ತು. ದೇವೀರಮ್ಮನಿಗೆ ಮಕ್ಕಳಿರಲಿಲ್ಲ. ಅವಳ ಮೈದುನ ನಿಂಗೇಗೌಡ ಆ ಮನೆಯ ಮೇಲೆ ಕಣ್ಣಿಟ್ಟಿದ್ದ. ಗಂಡಸಿಲ್ಲದ ಮನೆಯಲ್ಲಿ ಒಬ್ಬಳು ಹೆಂಗಸಿಗೆ ಏನು ಕೆಲಸ, ತವರಿಗೆ ಹೋಗಲಿ ಎಂದು ಪಂಚಾಯ್ತಿ ಕಟ್ಟೆಯಲ್ಲಿ ಕೂತು ಹೇಳುತ್ತಿದ್ದ. ಒಮ್ಮೆ ಬೀಗ ಹಿಡಿದು, ನಾಲ್ಕು ಜನರನ್ನು ಕಟ್ಟಿಕೊಂಡು ಹೋದವನು ಒಳಗಿನಿಂದ ಕೆಮ್ಮು ಕೇಳಿ ಬೀಗವನ್ನು ಕತ್ತಾಳೆಯಲ್ಲಿ ಬಿಟ್ಟು ಓಡಿಬಂದಿದ್ದ. ಅಣ್ಣನಿಗೆ ಅವನು ಬದುಕಿದ್ದಾಗಲೂ ಹೆದರುತ್ತಿದ್ದ. ದೆವ್ವ ಇದ್ದಷ್ಟು ದಿನ ದೇವೀರಮ್ಮನಿಗೆ ಮನೆ ಇತ್ತು. ದೆವ್ವ ಇಲ್ಲ ಎಂದಾದರೆ ಮನೆ ಇಲ್ಲ. ಲೆಕ್ಕ ಅಷ್ಟೇ.

ನಮ್ಮ ಬ್ಯಾರನ್ ಸುಟ್ಟುಹೋದದ್ದು ದೊಡ್ಡಪ್ಪನ ಆಸೆಯಿಂದ. ಕೊಳವೆಗೆ ಹತ್ತಿರದ ಕೆಳಸಾಲನ್ನು ಖಾಲಿ ಬಿಡಬೇಕು. ಕಾದ ಕಬ್ಬಿಣದ ಮೇಲೆ ಒಂದು ಒಣ ಎಲೆ ಉದುರಿದರೂ ಸಾಕು. ಆ ವರ್ಷ ಸೊಪ್ಪು ಭರ್ಜರಿಯಾಗಿತ್ತು. “ಒಂದ್ಸಾಲು ಜಾಸ್ತಿ ತುಂಬುದ್ರೆ ಏನ್ ಮುಳುಗೋಯ್ತದೆ ಬುಡವ್ವ” ಎಂದು ದೊಡ್ಡಪ್ಪ ಅಜ್ಜಿಯ ಮಾತು ಕೇಳದೆ ತುಂಬಿದ. ಬೆಳಗಿನ ಜಾವ ಸೂರಿಗೆ ಬೆಂಕಿ ಹತ್ತಿ, ಹಾಲು ಕರೆಯುವ ಹೊತ್ತಿಗೆ ನಾಲ್ಕು ಕರಿ ಗೋಡೆ ಉಳಿದಿತ್ತು. ಬೆಂಕಿ ನನಗೆ ನೆನಪಿಲ್ಲ. ನೆನಪಿದೆ ಎಂದುಕೊಂಡಿದ್ದೆ, ಆದರೆ ಸುಧಾ ಹೇಳುವ ಪ್ರಕಾರ ನನ್ನನ್ನು ಎಬ್ಬಿಸಿರಲೇ ಇಲ್ಲ. ನನಗೆ ಖಂಡಿತ ನೆನಪಿರುವುದು ಆಮೇಲಿನದು: ಹಿಂದಿನ ದಿನವಷ್ಟೇ ಹೊಲದಿಂದ ಮುರಿದು, ಕಡ್ಡಿಗಳಿಗೆ ಕಟ್ಟಿ, ಮುಂದಿನ ಸರದಿಗೆಂದು ಜಗಲಿಯಲ್ಲಿ ಒಟ್ಟಿದ್ದ ಹಸಿ ಸೊಪ್ಪು. ಅಜ್ಜಿ ಅದರೊಳಗೆ ಕೈ ತೂರಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ, ಕೈ ಹಿಂದಕ್ಕೆ ಎಳೆದುಕೊಂಡಳು. ಕಾವು ಹಿಡಿಯುತ್ತಿತ್ತು. ಸಂಜೆಯೊಳಗೆ ಯಾವುದಾದರೂ ಬ್ಯಾರನ್ನಿಗೆ ಏರದಿದ್ದರೆ ಅಷ್ಟೂ ಕಪ್ಪಾಗಿ ಗೊಬ್ಬರ. ಊರಿನ ಬ್ಯಾರನ್ನುಗಳೆಲ್ಲ ತುಂಬಿದ್ದವು, ಎಲ್ಲ ಚಿಮಣಿಯಿಂದಲೂ ಹೊಗೆ. ಖಾಲಿ ಇದ್ದದ್ದು ಒಂದೇ.

“ಅಲ್ಲಿಗಾ?” ಎಂದಳು ದೊಡ್ಡಮ್ಮ. “ನಿಮ್ಗೇನ್ ತಲೆ ಕೆಟ್ಟದಾ ಅತ್ತೆ?”

“ಕೆಟ್ಟದೆ. ನಿನ್ ಗಂಡ ಕೆಡುಸ್ದ” ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಟಳು. ನಾನು ಮತ್ತು ಸುಧಾ ಹಿಂದೆ ಹೋದೆವು. ಬೇಡ ಎಂದು ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದು ನಮಗೆ ಕೇಳಿಸಲಿಲ್ಲ.

ಹಗಲಲ್ಲಿ ಆ ಮನೆಯ ಮುಂದೆ ನಾನು ನಿಂತದ್ದು ಅದೇ ಮೊದಲು. ಅಲ್ಲಿಯವರೆಗೆ ಓಡಿದ್ದೆ ಅಷ್ಟೇ. ಅಂಗಳ ಎಷ್ಟು ಚೊಕ್ಕಟವಾಗಿತ್ತೆಂದರೆ ಅದನ್ನು ನೋಡಿಯೇ ಹೆದರಿಕೆಯಾಯಿತು. ಸಗಣಿ ಸಾರಿಸಿದ ನೆಲ, ಅದರ ಮೇಲೆ ಒಂದು ಕಾಗೆಯ ಹೆಜ್ಜೆಯೂ ಇಲ್ಲ. ಬಾಗಿಲ ಪಕ್ಕ ಮೆಟ್ಟು ಇತ್ತು. ಒದ್ದೆಯಾಗಿತ್ತು. ಸುಧಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಅಜ್ಜಿ ಅಂಗಳದ ಅಂಚಲ್ಲೇ ನಿಂತು ಕೂಗಿದಳು: “ದೇವೀರಮ್ಮಾ, ನಾನು ಕಣವ್ವ, ಕಾಳಮ್ಮ. ನಮ್ ಬ್ಯಾರನ್ ಹತ್ಕಂಡು ಬೂದಿ ಆಯ್ತು. ಕಟ್ಟಿದ್ ಸೊಪ್ಪು ಕಾವು ಹಿಡೀತಾ ಅದೆ. ನಿಮ್ದು ಒಂದ್ ಸರ್ತಿ ಕೊಡವ್ವ.”

ಬಾಗಿಲು ಒಂದು ಗೇಣು ತೆರೆಯಿತು. ನಾನು ಮುದುಕಿಯನ್ನು ನಿರೀಕ್ಷಿಸಿದ್ದೆ. ಅಲ್ಲಿ ನಿಂತವಳು ಅಜ್ಜಿಗಿಂತ ಚಿಕ್ಕವಳು, ಎತ್ತರದವಳು, ಕೂದಲು ಇನ್ನೂ ಕಪ್ಪಗಿತ್ತು. ನಮ್ಮನ್ನೆಲ್ಲ ನಿಧಾನವಾಗಿ ನೋಡಿದಳು. “ಅವ್ರನ್ನ ಕೇಳ್ಬೇಕು” ಎಂದು ಬಾಗಿಲು ಹಾಕಿಕೊಂಡಳು. ನಾವು ನಿಂತೆವು. ಒಳಗಿನಿಂದ ಮಾತಿನ ಗುಜುಗುಜು, ಮೌನ, ಆಮೇಲೆ ಆ ಕೆಮ್ಮು. ಅಷ್ಟು ಹತ್ತಿರದಿಂದ ಕೇಳಿದರೆ ಅದು ಕಿವಿಗಲ್ಲ, ಹೊಟ್ಟೆಗೆ ಕೇಳಿಸುತ್ತದೆ. ಬಾಗಿಲು ಮತ್ತೆ ತೆರೆಯಿತು. “ಆಗ್ಲಿ ಅಂದ್ರು. ಗಂಡಸ್ರು ಸೊಪ್ಪು ತುಂಬ್ಬುಟ್ಟು ಓಗ್ಬೇಕು, ನಿಲ್ಲಂಗಿಲ್ಲ. ಬೆಂಕಿ ನೋಡಕ್ಕೆ ಹೆಂಗಸ್ರು ಬರ್ಲಿ.”

ಅವತ್ತು ಮಧ್ಯಾಹ್ನ ದೊಡ್ಡಪ್ಪ ಗಾಡಿಯಲ್ಲಿ ಸೊಪ್ಪು ತಂದು, ಮಂತ್ರ ಗೊತ್ತಿಲ್ಲದ ಬಾಯಲ್ಲಿ ಏನೇನೋ ಗೊಣಗುತ್ತಾ ಒಳಗೆ ಏರಿ, ನಾವು ಕೆಳಗಿನಿಂದ ಕೊಟ್ಟ ಕಡ್ಡಿಗಳನ್ನು ಸಾಲು ಸಾಲಾಗಿ ತೂಗುಹಾಕಿದ. ಈ ಸಲ ಕೆಳಸಾಲನ್ನು ಯಾರೂ ಹೇಳದೆಯೇ ಖಾಲಿ ಬಿಟ್ಟ. ಒಲೆಯ ಮುಂದೆ ನಿಂಬೆಹಣ್ಣು ಕುಯ್ದು, ಕರ್ಪೂರ ಹಚ್ಚಿ, ಗಂಡಸರು ಹಿಂದೆ ನೋಡದೆ ಹೋದರು. ಒಂದು ಸಲ ಬೆಂಕಿ ಇಟ್ಟ ಮೇಲೆ, ಸೊಪ್ಪು ಹಳದಿಗೆ ತಿರುಗಿ ಒಣಗುವವರೆಗೆ ಐದಾರು ದಿನ ಬಾಗಿಲು ತೆಗೆಯುವ ಹಾಗಿಲ್ಲ. ಗಾಜಿನಲ್ಲಿ ಇಣುಕಬಹುದು, ಅಷ್ಟೇ. ನಾನು ಇಣುಕಿದೆ. ಮೊದಲು ಕತ್ತಲು, ಆಮೇಲೆ ಕತ್ತಲೊಳಗೆ ಸಾವಿರ ಕಿವಿಗಳಂತೆ ಜೋತುಬಿದ್ದ ಎಲೆ, ಅವುಗಳ ನಡುವೆ ಮೇಲಿನ ಸಾಲಿನಲ್ಲಿ ಒಂದು ಬಿಳಿ. ಟವಲು ಎಂದು ನನ್ನ ಮನಸ್ಸು ಈಗಲೂ ಹೇಳುತ್ತದೆ. ಕಳೆದ ವಾರ ಸುಧಾಗೆ ಫೋನು ಮಾಡಿ ಕೇಳಿದೆ. “ಆ ಗಾಜು ಉಗಿ ಹಿಡ್ಕಂಡು ಕುರುಡಾಗಿತ್ತು ಕಣೆ. ಅದ್ರಲ್ಲಿ ನಿನ್ ಮೂಗು ಬುಟ್ರೆ ಏನೂ ಕಾಣ್ತಿರ್ಲಿಲ್ಲ” ಎಂದಳು. ಇರಬಹುದು. ಆದರೆ ಮೂಗು ಬೆಳ್ಳಗಿರಲಿಲ್ಲ, ನನ್ನದು.

ಗುಟ್ಟು ಹೊರಬಿದ್ದದ್ದು ಎರಡನೆಯ ಬೆಳಿಗ್ಗೆ, ಬಹಳ ಸುಮ್ಮನೆ. ರಾತ್ರಿಯ ಬೆಂಕಿಯನ್ನು ದೇವೀರಮ್ಮ ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದಳು. ಬೆಳಕು ಹರಿಯುವಾಗ ಅಜ್ಜಿ ನನ್ನನ್ನು ಕರೆದುಕೊಂಡು, ಅವಳು ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆಯೇ ಹೋದಳು. ಬಾವಿಕಟ್ಟೆಯ ಹತ್ತಿರ ದೇವೀರಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಗಂಡಸಿನ ಮೆಟ್ಟು. ಒಂದು ಕೈಯಲ್ಲಿ ತಂಬಿಗೆಯಿಂದ ನೀರು ಹುಯ್ಯುತ್ತಾ, ಇನ್ನೊಂದು ಕೈಯಲ್ಲಿ ಅದರ ಅಟ್ಟೆಗೆ ಕೆಸರು ಮೆತ್ತುತ್ತಿದ್ದಳು, ರೊಟ್ಟಿ ತಟ್ಟುವಷ್ಟೇ ಶ್ರದ್ಧೆಯಿಂದ. ನಮ್ಮನ್ನು ನೋಡಿ ಕೈ ನಿಂತಿತು. ಅಜ್ಜಿ ಹತ್ತಿರ ಹೋಗಿ, ಬಾಗಿ, ಮೆಟ್ಟನ್ನು ನೋಡಿದಳು.

“ದೇವೀರಮ್ಮಾ, ಹಿಮ್ಮಡಿ ತಾವ ಕೆಸರು ಕಮ್ಮಿ ಆಯ್ತು” ಎಂದಳು. “ಗದ್ದೆಯಿಂದ ಬಂದೋನ್ಗೆ ಅಲ್ಲೇ ಜಾಸ್ತಿ ಇರ್ತದೆ.”

ದೇವೀರಮ್ಮ ಅಜ್ಜಿಯ ಮುಖ ನೋಡಿದಳು. ಆಮೇಲೆ ನಕ್ಕಳು. ಮೊದಲು ಉಸಿರು ಸಿಕ್ಕಿಕೊಂಡಂತೆ, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು, ಕೊನೆಗೆ ಬಾವಿಕಟ್ಟೆಗೆ ಒರಗಿ ಕಣ್ಣೀರು ಬರುವ ಹಾಗೆ. ಅಜ್ಜಿಯೂ ನಕ್ಕಳು. “ಕೆಮ್ಮು?” ಎಂದು ಕೇಳಿದಳು. ದೇವೀರಮ್ಮ ಗಂಟಲು ಸರಿಮಾಡಿಕೊಂಡು ಕೆಮ್ಮಿದಳು. ನನ್ನ ಕಣ್ಣೆದುರೇ, ಆ ಹೆಂಗಸಿನ ತುಟಿಯಿಂದ, ಸತ್ತ ಗಂಡಸೊಬ್ಬ ಕೆಮ್ಮಿದ. ಹೇಗೆ ಎಂದು ತಿಳಿದ ಮೇಲೆ ಹೆದರಿಕೆ ಹೋಗುತ್ತದೆ ಅನ್ನುತ್ತಾರೆ. ನನಗೆ ಹೋಗಲಿಲ್ಲ. ಹೆಚ್ಚಾಯಿತು. ಅಲ್ಲಿಯವರೆಗೆ ನಾನು ದೆವ್ವಕ್ಕೆ ಹೆದರುತ್ತಿದ್ದೆ; ಅವತ್ತಿನಿಂದ ಒಬ್ಬಳೇ ಕೂತು ಒಂದು ದೆವ್ವವನ್ನು ದಿನವೂ ಮೀಯಿಸಿ, ಉಣಿಸಿ, ಸಾಕುತ್ತಿದ್ದ ಹೆಂಗಸಿಗೆ ಹೆದರತೊಡಗಿದೆ.

“ಬ್ಯಾರನ್ ಯಾಕ್ ಕೊಟ್ಟೆ ಮತ್ತೆ?” ಅಜ್ಜಿ ಕೇಳಿದಳು. “ಜನ ಒಳಕ್ ಬಂದ್ರೆ ಗೊತ್ತಾಗಲ್ವಾ? ನಿಂಗನ ಕಿವಿಗ್ ಬಿದ್ರೆ ನಾಳೆನೇ ಬೀಗ ಹಾಕ್ತಾನೆ.”

“ಗೊತ್ತು ಕಣಕ್ಕ. ಅಷ್ಟು ಸೊಪ್ಪು ಕೊಳೀತದೆ ಅಂದ್ರೆ ಯೆಂಗ್ ಸುಮ್ಕಿರ್ಲಿ? ಕಟ್ಟಿದ್ ಸೊಪ್ಪು.” ಅಷ್ಟೇ ಹೇಳಿದಳು. ಸೊಪ್ಪು ಕಟ್ಟಿದ ಕೈಗಳಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಮುಂದಿನ ದಿನಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಹಗಲು. ಒಲೆಯ ಮುಂದೆ ಇಬ್ಬರು ಹೆಂಗಸರು, ಕಾಲು ಚಾಚಿ, ಸೌದೆ ತಳ್ಳುತ್ತಾ. ಬೂದಿಯಲ್ಲಿ ಸುಟ್ಟ ಗೆಣಸು. ದೇವೀರಮ್ಮ ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಒಮ್ಮೆಗೇ ಹೊರಗೆ ಬಂತು: ಮರೀಗೌಡನಿಗೆ ಹುರುಳಿ ಸಾರು ಆಗುತ್ತಿರಲಿಲ್ಲ, ಮದುವೆಯಾದ ಹೊಸತರಲ್ಲಿ ಅವನೊಡನೆ ಹಂಪಾಪುರಕ್ಕೆ ಗಾಡಿಯಲ್ಲಿ ಹೋಗುವಾಗ ಎತ್ತು ಬೆದರಿ ಇಬ್ಬರೂ ಹಳ್ಳಕ್ಕೆ ಬಿದ್ದದ್ದು, ಅವನು ಮೊದಲು ಎತ್ತನ್ನು ಎಬ್ಬಿಸಿದ್ದು. “ನನ್ನ ಆಮೇಕ್ ಎಬ್ಬುಸ್ದ. ಅವತ್ತೇ ಬುಟ್ಟೋಗ್ಬೇಕಾಗಿತ್ತು ಕಣಕ್ಕ.” “ಬುಟ್ಟೋಗಿದ್ರೆ ಯಾರ ಕೆಮ್ಮು ಕೆಮ್ತಿದ್ದೆ?” ಇಬ್ಬರೂ ನಗುತ್ತಿದ್ದರು. ಅಜ್ಜಿ ಹಾಗೆ ನಕ್ಕದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ನಡುನಡುವೆ ದಾರಿಯಲ್ಲಿ ಯಾರಾದರೂ ಹೋಗುವ ಸದ್ದಾದರೆ ದೇವೀರಮ್ಮ ಮಾತು ಅರ್ಧಕ್ಕೆ ನಿಲ್ಲಿಸಿ, ಗಂಟಲು ಒರಟು ಮಾಡಿ ಒಮ್ಮೆ ಕೆಮ್ಮಿ, ಮತ್ತೆ ಅದೇ ಮಾತಿಗೆ ಮರಳುತ್ತಿದ್ದಳು. ಹೊರಗೆ ಓಡುವ ಹೆಜ್ಜೆ ಕೇಳಿಸುತ್ತಿತ್ತು.

ಸೊಪ್ಪು ಹದವಾಯಿತು. ಗರಿಗರಿ ಒಣಗಿದ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೆ ಕೊನೆಯ ಸಂಜೆ ಬಾಗಿಲು ತೆರೆದಿಟ್ಟು, ಇಬ್ಬನಿ ಕುಡಿಸಿ ಮೆತ್ತಗೆ ಮಾಡಿ, ಬೆಳಿಗ್ಗೆ ಇಳಿಸಬೇಕು. ಬ್ಯಾರನ್ ಇಳಿಸುವಾಗ ಬಣ್ಣ ನೋಡಲು ಊರವರು ಬರುವುದು ವಾಡಿಕೆ. ಅವತ್ತು ಎಲ್ಲರೂ ಬಂದಿದ್ದರು, ಕತ್ತಾಳೆ ಬೇಲಿಯ ಆಚೆ. ಒಳಗೆ ಕಂಡ ಬಣ್ಣ ಎಂಥದೆಂದರೆ ಜನ ದೆವ್ವವನ್ನು ಮರೆತು ಒಂದೊಂದೇ ಹೆಜ್ಜೆ ಹತ್ತಿರ ಬಂದರು. ನಿಂಬೆಯ ಹಳದಿಯಲ್ಲ, ಅರಿಶಿನದ ಹಳದಿಯೂ ಅಲ್ಲ; ಸಂಜೆ ಬಿಸಿಲು ಗೋಡೆಯ ಮೇಲೆ ನಿಂತು ಹೋಗಲು ಮನಸ್ಸಿಲ್ಲದಾಗಿನ ಬಣ್ಣ. ದೊಡ್ಡಪ್ಪ ಮೇಲೆ ಏರಿ ಕಡ್ಡಿ ಇಳಿಸುತ್ತಾ ಬೀಗುತ್ತಿದ್ದ. ಆಗ ಜನರ ನಡುವಿನಿಂದ ನಿಂಗೇಗೌಡ ಮುಂದೆ ಬಂದ. ಹೆಗಲ ಮೇಲೆ ಟವಲು, ಮುಖದಲ್ಲಿ ನಗು.

“ಏನ್ ಕಾಳಮ್ಮಾ, ಒಂದ್ ವಾರ ಇದ್ದೆ. ನಮ್ಮಣ್ಣ ಸಿಕ್ಕಿದ್ನಾ?”

ಅಜ್ಜಿ ಬಾಯಿ ತೆರೆಯುವ ಮೊದಲೇ ಮೇಲಿನಿಂದ ದೊಡ್ಡಪ್ಪ ಕೂಗಿದ. ಸೊಪ್ಪಿನ ಬಣ್ಣ ಅವನ ತಲೆಗೆ ಏರಿತ್ತು. “ಯಾವ್ ಅಣ್ಣನೂ ಇಲ್ಲ ಬುಡು ನಿಂಗಣ್ಣ! ದೆವ್ವ ಅಂತೆ ದೆವ್ವ. ಮ್ಯಾಲಿಂದ ಕೆಳೀಕ್ ನೋಡ್ದೆ, ಒಂದ್ ಹಲ್ಲಿನೂ ಇಲ್ಲ!”

ಜನ ನಕ್ಕರು. ಬಹಳ ದಿನ ಹೆದರಿದವರ ನಗು ಅದು, ಸ್ವಲ್ಪ ಜೋರಾಗಿತ್ತು. “ಅಂಗಾದ್ರೆ ಮನೆ ಖಾಲಿ ಅನ್ನು” ಎಂದ ನಿಂಗೇಗೌಡ, ಮನೆಯ ಸೂರನ್ನು, ಗೋಡೆಯನ್ನು, ಬಾಗಿಲನ್ನು ಒಂದೊಂದಾಗಿ ನೋಡುತ್ತಾ. ಆ ಬಾಗಿಲಲ್ಲಿ ದೇವೀರಮ್ಮ ನಿಂತಿದ್ದಳು. ಕೆಮ್ಮುವ ಹಾಗಿರಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದನ್ನು ನಾನು ಕಂಡೆ. ಇದನ್ನು ಸುಧಾಳೂ ಒಪ್ಪುತ್ತಾಳೆ.

ದೊಡ್ಡಪ್ಪ ಮೇಲಿನ ಸಾಲಿನ ಕೊನೆಯ ಕಡ್ಡಿಗೆ ಕೈ ಚಾಚಿದ್ದ.

“ಅದನ್ನ ಮುಟ್ಬ್ಯಾಡ ಕಣ್ಲಾ!” ಅಜ್ಜಿ ಕಿರುಚಿದಳು.

“ಯಾಕವ್ವ?”

“ಅದು ಅವನ ಕೈಯಾಗೆ ಅದೆ.”

ಅಜ್ಜಿ ಅದನ್ನು ಕೂಗಿ ಹೇಳಲಿಲ್ಲ. ಮೆಲ್ಲಗೆ, ಮೇಲೆ ನೋಡುತ್ತಾ, ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವ ದನಿಯಲ್ಲಿ ಹೇಳಿದಳು. ದೊಡ್ಡಪ್ಪ ಹೇಗೆ ಇಳಿದನೋ ಅವನಿಗೇ ತಿಳಿಯದು, ಬಿದ್ದನೆಂದರೂ ಸರಿ. ಬಾಗಿಲಿಂದ ಹೊರಗೆ ಬಂದವನ ಮೊಣಕಾಲು ರಕ್ತವಾಗಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲರೂ ಒಳಗಿನ ಕತ್ತಲನ್ನು ನೋಡಿದರು. ಮೇಲೆ, ಖಾಲಿಯಾದ ಸಾಲುಗಳ ನಡುವೆ, ಒಂದೇ ಒಂದು ಕಡ್ಡಿ, ಅದರ ಹಳದಿ ಎಲೆಗಳೊಂದಿಗೆ, ಅಲ್ಲಾಡುತ್ತಿತ್ತು. ದೊಡ್ಡಪ್ಪ ಗಳು ಬಿಟ್ಟು ಹಾರಿದ್ದಕ್ಕೆ ಅಲ್ಲಾಡುತ್ತಿತ್ತು. ನನಗೆ ಗೊತ್ತಿತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ. ಅಜ್ಜಿ ಕಡ್ಡಿಯ ಕಡೆ ತಲೆಬಾಗಿ, “ಇರ್ಲಿ ಮರೀಗೌಡ, ಅದು ನಿನ್ ಪಾಲು” ಎಂದಳು. ಅಜ್ಜಿ ಸುಳ್ಳು ಹೇಳುವವಳಲ್ಲ ಎಂಬುದು ಆ ಸುತ್ತಲಿನ ಊರುಗಳಿಗೆಲ್ಲ ತಿಳಿದ ಮಾತು. ಹಸು ಮಾರುವಾಗ ಅದು ಒದೆಯುತ್ತದೆ ಎಂದು ತಾನೇ ಹೇಳಿ ದೊಡ್ಡಪ್ಪನಿಂದ ಬೈಸಿಕೊಳ್ಳುತ್ತಿದ್ದವಳು. ನಿಂಗೇಗೌಡ ಟವಲಿನಿಂದ ಬಾಯಿ ಒರೆಸಿಕೊಂಡ. ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಅಜ್ಜಿ ಆ ಮಾತಿಗೆ ಏನು ತೆತ್ತಳು ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಮಾರನೆಯ ದಿನ ಸುಟ್ಟ ಗೆಣಸಿನ ಆಸೆಗೆ ನಾನು ಅಲ್ಲಿಗೆ ಹೋಗೋಣ ಎಂದೆ. ಅಜ್ಜಿ ನನ್ನ ಜಡೆ ಹಾಕುತ್ತಿದ್ದಳು. “ಇನ್ಮ್ಯಾಕೆ ಅತ್ತಾಗೆ ಓಗಂಗಿಲ್ಲ ಮಗ.” ಯಾಕೆ ಎಂದೆ. “ನಾನ್ ಕಂಡೀನಿ ಅಂದೀನಿ. ಕಂಡೋಳೇ ಹೆದರ್ದಿದ್ರೆ ಇನ್ಯಾರ್ ಹೆದರ್ತಾರೆ?” ಜಡೆಯನ್ನು ಅವತ್ತು ತುಂಬ ಬಿಗಿಯಾಗಿ ಹಾಕಿದಳು. ಅವತ್ತಿನಿಂದ ಅವಳು ಕೆರೆಗೆ ಬಳಸುದಾರಿಯಲ್ಲಿ ಹೋಗತೊಡಗಿದಳು. ಹುಣಸೂರಿನ ಸಂತೆಯಲ್ಲಿ ದೇವೀರಮ್ಮ ಎದುರಾದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು, ಎಲ್ಲರೂ ನೋಡುವ ಹಾಗೆ. ದೇವೀರಮ್ಮನೂ ಅವಳನ್ನು ನೋಡದವಳಂತೆ ಸಾಗುತ್ತಿದ್ದಳು. ಊರು ಚಿಕ್ಕದು, ಕಣ್ಣು ಬಹಳ. ಒಂದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ವರ್ಷಗಳು ಹೀಗೇ ಹೋದವು. ಸಂಜೆ ಗಾಳಿ ಕೆರೆಯ ಕಡೆಯಿಂದ ಬೀಸಿದಾಗ ಕೆಮ್ಮು ಕೇಳಿಸುತ್ತಿತ್ತು. ದೊಡ್ಡಮ್ಮ ದೇವರ ದೀಪ ಹಚ್ಚಲು ಓಡುತ್ತಿದ್ದಳು. ಅಜ್ಜಿ ಮಾತ್ರ ಮೊರದಲ್ಲಿ ಕೇರುವುದನ್ನು ನಿಲ್ಲಿಸಿ, ಕೇಳಿ, “ಹ್ಞೂಂ” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮತ್ತೆ ಕೇರುತ್ತಿದ್ದಳು. ಅದು ಅವರ ಮಾತುಕತೆ ಎಂದು ಬರೆಯಲು ಕೈ ತುಡಿಯುತ್ತದೆ. ಹಾಗೆ ಬರೆದರೆ ಸಮಾಧಾನ ಸಿಗುತ್ತದೆ, ನಿಜ ಹೇಳಿದಂತಾಗುವುದಿಲ್ಲ. ಮಾತು ಬೇರೆ. ಅವರಿಬ್ಬರಿಗೆ ಮಾತು ಇರಲಿಲ್ಲ.

ಈಗ ಅಲ್ಲಿ ಮನೆಯೂ ಇಲ್ಲ, ಬ್ಯಾರನ್ನೂ ಇಲ್ಲ. ನಿಂಗೇಗೌಡನ ಮೊಮ್ಮಕ್ಕಳು ಕಟ್ಟಿದ ಆರ್‌ಸಿಸಿ ಮನೆ ಇದೆ, ಮುಂದೆ ಎರಡು ಬೈಕು. ನಮ್ಮ ಮನೆಯೂ ಪಾಲಾಗಿ, ನಡುಗೋಡೆಗಳೆದ್ದು, ಗುರುತು ಸಿಗದಂತಾಗಿದೆ. ಆ ಹುಡುಗರನ್ನು ಕೇಳಿದರೆ ಇಲ್ಲಿ ಹಿಂದೆ ದೆವ್ವ ಇತ್ತಂತೆ ಎನ್ನುತ್ತಾರೆ, ಒಬ್ಬಳು ಹೆಂಗಸು ಇದ್ದಳು ಎನ್ನುವುದಿಲ್ಲ. ಇದನ್ನು ಬರೆಯಬೇಕೆನ್ನಿಸಿದ್ದಕ್ಕೆ ಬೇರೆ ಕಾರಣವಿಲ್ಲ.

ದೇವೀರಮ್ಮ ಸತ್ತಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ, ರಜೆಗೆ ಬಂದಿದ್ದೆ. ಬೆಳಿಗ್ಗೆ ದೊಡ್ಡಪ್ಪ ಹೊರಗಿನಿಂದ ಬಂದು ಖುಷಿಯಾಗಿ ಹೇಳಿದ: “ಗೊತ್ತಾ ಅವ್ವ? ಮರೀಗೌಡ ಸುಮ್ಕಾಗವ್ನೆ. ಎರಡ್ ದಿನದಿಂದ ಕೆಮ್ಮೇ ಇಲ್ವಂತೆ. ಊರೆಲ್ಲ ಅದೇ ಮಾತು. ಮುಕ್ತಿ ಸಿಕ್ತು ಅಂತ ಕಾಣ್ತದೆ.”

ಕೆಮ್ಮು ನಿಂತರೆ ಏನರ್ಥ ಎಂದು ಆ ಊರಿನಲ್ಲಿ ತಿಳಿದಿದ್ದವಳು ಅಜ್ಜಿಯೊಬ್ಬಳೇ. ನಾನೂ ತಿಳಿಯಬೇಕಿತ್ತು, ಆದರೆ ನನಗೆ ಹೊಳೆದದ್ದು ಅವಳ ಮುಖ ನೋಡಿದ ಮೇಲೆ. ಅಜ್ಜಿ ಮೊರ ಕೆಳಗಿಟ್ಟಳು. ಎದ್ದಳು. ಆಗ ಅವಳಿಗೆ ನಡೆಯಲು ಗೋಡೆ ಬೇಕಾಗುತ್ತಿತ್ತು. ಬಳಸುದಾರಿ ಹಿಡಿಯಲಿಲ್ಲ. ಊರ ನಡುವಿನಿಂದ, ಕಟ್ಟೆಯ ಮುಂದಿನಿಂದ, ನನ್ನ ಮತ್ತು ಸುಧಾಳ ಹೆಗಲು ಹಿಡಿದು ನೇರವಾಗಿ ನಡೆದಳು. ಜನ ಹಿಂದೆ ಬಂದರು. ಅಂಗಳದ ಅಂಚಿನಲ್ಲಿ ನಮ್ಮಿಬ್ಬರನ್ನೂ ಬಿಟ್ಟು, “ನೀವ್ ಇಲ್ಲೇ ಇರ್ರಿ, ದೇವೀರಮ್ಮ ಓಗ್ಬುಟ್ಟವ್ಳೆ, ಮೀಯಿಸ್ಬೇಕು” ಎಂದು ಒಬ್ಬಳೇ ಒಳಗೆ ಹೋದಳು.

ನಾವು ಅಲ್ಲೇ ನಿಂತೆವು. ನಿಂಗೇಗೌಡನೂ ಬಂದ, ಈಗ ಕೋಲು ಹಿಡಿದ ಮುದುಕ, ಮಕ್ಕಳೊಡನೆ. ಒಳಗಿನಿಂದ ನೀರು ಹುಯ್ಯುವ ಸದ್ದು ಕೇಳಿಸಿತು. ಆಮೇಲೆ ಅಜ್ಜಿಯ ದನಿ. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ. ಮಾತಾಡುತ್ತಿದ್ದಳು. ಒಲೆಯ ಮುಂದೆ ಕಾಲು ಚಾಚಿ ಕೂತವರ ದನಿಯಲ್ಲಿ, ನಿಲ್ಲಿಸದೆ, ಒಂದಾದ ಮೇಲೊಂದು. “ಸುಧಾಗೆ ಗಂಡು ನೋಡ್ತಾವ್ರೆ ಕಣೆ, ಕೋಟೆ ಕಡೆಯೋನು. ಎತ್ತರ ಸಾಲ್ದು ಅಂತಾಳೆ ಇವ್ಳು… ಆ ಕೆಂದ ಹಸ ಮಾರ್ಬುಟ್ಟೊ… ಸೊಸೆ ಮಂಡಿ ಊದ್ಕತದೆ… ಅತ್ಲಾಗ್ ಕೈ ಕೊಡು, ಅಂಗೆ… ಏಸ್ ದಿನ ಆಯ್ತೆ ನಿನ್ನ ನೋಡಿ.” ನಡುವೆ ನಕ್ಕಳು. ನನ್ನ ಹಿಂದೆ ಯಾರೋ ಪಿಸುಗುಟ್ಟಿದರು: “ಒಳಗೆ ಯಾರ್ ಜೊತೆ ಮಾತಾಡ್ತಾವ್ಳೆ?” ಅಂಗಳದಲ್ಲಿ ಅಷ್ಟು ಜನ ಇದ್ದರು, ಒಂದು ಬಳೆಯ ಸದ್ದೂ ಇರಲಿಲ್ಲ. ಬಿಸಿಲು ಸೂರಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯಿತು. ಅಷ್ಟು ಹೊತ್ತೂ ಅವಳು ಮಾತಾಡಿದಳು.

ಆಮೇಲೆ ದನಿ ನಿಂತಿತು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನಮ್ಮೆಲ್ಲರನ್ನೂ ನೋಡಿದಳು, ಬಹಳ ದೂರದಲ್ಲಿ ನಿಂತವರನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ.

“ಬರ್ರಿ, ಒಳಕ್ ಬರ್ರಿ” ಎಂದಳು. “ಇನ್ನು ಯಾರೂ ಇಲ್ಲ.”

ಯಾರೂ ಕದಲಲಿಲ್ಲ. ನಿಂಗೇಗೌಡನೂ ಕದಲಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.